ಮನೆಯ ಹಳೇ ಬಟ್ಟೆ, ಬಜಾರಿನ ಸೆಕೆಂಡ್‌ಹ್ಯಾಂಡ್ ಬಟ್ಟೆ: ನಿಮ್ಮದೇ ಉಡುಪು ಹೊಂದಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮಾಟುಂಗಾದಿಂದ ಡೊಂಬಿವಲಿವರೆಗೆ ಮುಂಬೈಯ ಕನ್ನಡದ ಮನೆಗಳಲ್ಲಿ ಹಳೇ ಬಟ್ಟೆಯ ಮಾತು ಬಂದರೆ ಅವೇ ಮೂರು ದೂರು ಕೇಳುತ್ತೇನೆ. "ಅಜ್ಜಿ ಸೀರೆಯಲ್ಲಿ ಕುರ್ತಾ ಹೊಲಿಸಿದೆ, ಮೊದಲ ಸಲ ಕೂತಾಗಲೇ ಹರಿಯಿತು." "ಜಾಕೆಟ್ ಚೆನ್ನಾಗಿದೆ ಅಂತ ತಂದೆ, ಯಾವುದರ ಮೇಲೂ ಹೊಂದ್ತಾ ಇಲ್ಲ." "ಶರ್ಟ್ ಒಳ್ಳೇದೇ, ಆದ್ರೆ ಹಾಕ್ಕೊಂಡ್ರೆ ಬೇರೆಯವರದ್ದು ಅನ್ನಿಸುತ್ತೆ."

ಮೂರಕ್ಕೂ ಕಾರಣ ಒಂದೇ. ಕೆಲಸದ ಕ್ರಮ ಹಿಂದುಮುಂದಾಗಿದೆ. ಮೊದಲು ಬಣ್ಣಕ್ಕೆ ಮನಸೋತು ಕೊಳ್ಳುತ್ತಾರೆ, ಮನೆಗೆ ಬಂದು ಅಳತೆ ನೋಡುತ್ತಾರೆ, ಬಟ್ಟೆ ಗಟ್ಟಿ ಇದೆಯೋ ಇಲ್ಲವೋ ಅನ್ನುವುದು ಹರಿದ ಮೇಲೆ ಗೊತ್ತಾಗುತ್ತದೆ. ಮೊದಲು ಗಟ್ಟಿತನ, ಆಮೇಲೆ ಅಳತೆ, ಕೊನೆಗೆ ಬಣ್ಣ. ಕೆಳಗಿನ ಹಂತಗಳನ್ನು ಇದೇ ಲೆಕ್ಕದಲ್ಲಿ ಜೋಡಿಸಿದ್ದೇನೆ. ದಯವಿಟ್ಟು ಮಧ್ಯದಿಂದ ಶುರು ಮಾಡಬೇಡಿ.

ಬೇಕಾದ ಸಾಮಾನು

ಅಳತೆ ಟೇಪ್, ಟೈಲರ್ ಚಾಕ್, ಒಂದು ಹಿಡಿ ಸೇಫ್ಟಿ ಪಿನ್, ಸೂಜಿ ದಾರ, ಬಿಳಿ ಹತ್ತಿಬಟ್ಟೆಯ ಚಿಂದಿ, ಬಾಯಿ ಕಟ್ಟಲು ಬರುವ ದೊಡ್ಡ ಪ್ಲಾಸ್ಟಿಕ್ ಚೀಲ ಎರಡು. ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ ಯಾವ ಮ್ಯಾಚಿಂಗ್ ಸೆಂಟರಿನಲ್ಲೂ ಸಿಗುತ್ತದೆ. ಬ್ಲೇಡಿನಿಂದ ಬಿಚ್ಚಲು ಹೋಗಬೇಡಿ, ಹಳೇ ಬಟ್ಟೆ ದಾರಕ್ಕಿಂತ ಮೊದಲು ಕತ್ತರಿಸಿ ಹೋಗುತ್ತದೆ. ಇನ್ನು, ಹಗಲು ಬೆಳಕು ಬೀಳುವ ಒಂದು ಕಿಟಕಿ ಬೇಕು. ಟ್ಯೂಬ್‌ಲೈಟ್ ಕೆಳಗೆ ಈ ಕೆಲಸ ಆಗುವುದಿಲ್ಲ.

ಹಂತ 1: ಮನೆಯಲ್ಲಿ ಏನಿದೆ ನೋಡಿ

ಬಜಾರು ಆಮೇಲೆ. ಮುಂಬೈ ಮನೆಗಳಲ್ಲಿ ಬಟ್ಟೆ ಮರೆತುಹೋಗುವ ಜಾಗ ಮೂರು: ಬಾಕ್ಸ್ ಬೆಡ್ಡಿನ ಒಳಗೆ, ಲಾಫ್ಟ್ ಮೇಲೆ, ಊರಿಗೆ ಹೋಗುವಾಗ ಮಾತ್ರ ಇಳಿಸುವ ದೊಡ್ಡ ಸೂಟ್‌ಕೇಸಿನಲ್ಲಿ. ಎಲ್ಲ ಒಂದೇ ದಿನ ಹೊರಗೆ ಹಾಕಿ. ಅರ್ಧ ಇವತ್ತು, ಅರ್ಧ ಮುಂದಿನ ವಾರ ಅಂದರೆ ಯಾವುದಕ್ಕೆ ಯಾವುದು ಜೊತೆ ಅನ್ನುವುದು ಕಣ್ಣಿಗೆ ಬೀಳುವುದೇ ಇಲ್ಲ.

ಮೂರು ಗುಡ್ಡೆ ಮಾಡಿ. ಈಗಲೇ ಹಾಕಿಕೊಳ್ಳಬಹುದಾದದ್ದು ಒಂದು. ಗುಂಡಿ, ಜಿಪ್ಪು, ಅಳತೆ ಸರಿ ಮಾಡಿದರೆ ಆಗುವುದು ಇನ್ನೊಂದು. ಉಡುಪಾಗಿ ಮುಗಿದಿದೆ, ಬಟ್ಟೆಯಾಗಿ ಉಪಯೋಗಕ್ಕೆ ಬರುತ್ತದೆ ಅನ್ನುವುದು ಮೂರನೆಯದು. "ತೆಳ್ಳಗಾದ ಮೇಲೆ ಹಾಕ್ಕೋತೀನಿ" ಅನ್ನುವ ನಾಲ್ಕನೇ ಗುಡ್ಡೆ ಬೇಡ. ಈಗಿನ ಮೈಗೆ ಬಟ್ಟೆ ಹೊಂದಿಸಿ.

ಹಳೇ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಭಾಂಡಿವಾಲಿ ಬಂದಾಗ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಕೊಡುವ ಮುಂಚೆ ಈ ವಿಂಗಡಣೆ ಮುಗಿದಿರಲಿ. ಅಪ್ಪನ ಹಳೇ ಹತ್ತಿ ಶರ್ಟು, ಅಮ್ಮನ ಕೈಮಗ್ಗದ ಸೀರೆ ಹೀಗೇ ಕೈಬಿಟ್ಟು ಹೋಗುತ್ತವೆ.

ಹಿರಿಯರ ಬಟ್ಟೆಯಾದರೆ ಕೇಳದೆ ಕತ್ತರಿ ಹಾಕಬೇಡಿ. ನಮ್ಮ ಮನೆಯಲ್ಲಿ ತಂಗಿಯ ಮಗಳು ಕೇಳಿದಳು, "ದೊಡ್ಡವ್ವಾ, ಈ ಇಳಕಲ್ ಕತ್ತರಿಸ್ಲಾ?" "ಕತ್ತರಸವಾ, ಆದ್ರ ಸೆರಗಿನ ಕಸೂತಿ ಮಾತ್ರ ಮುಟ್ಟಬ್ಯಾಡ." ಆ ಒಂದು ಮಾತಿನಿಂದ ಎಲ್ಲಿ ಕತ್ತರಿಸಬೇಕು ಅನ್ನುವುದೂ ತೀರ್ಮಾನವಾಯಿತು. ಕೈಯಿಂದ ಹಾಕಿದ ಒಳ್ಳೇ ಕಸೂತಿ ಒಳಗೂ ಹೊರಗೂ ಒಂದೇ ಥರ ಕಾಣುತ್ತದೆ, ಗಂಟು ಇರುವುದಿಲ್ಲ. ಮಧ್ಯದಲ್ಲಿ ಕತ್ತರಿಸಿದರೆ ದಾರ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ.

ಹಂತ 2: ನಿಮ್ಮ ಅಳತೆ ಬರೆದಿಟ್ಟುಕೊಳ್ಳಿ

ಲೇಬಲ್ ಮೇಲಿನ ಎಂ, ಎಲ್, 38, 40 ನಂಬಬೇಡಿ. ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ, ಹಳೇ ಬಟ್ಟೆಯಾದರೆ ಒಗೆದು ಒಗೆದು ಕುಗ್ಗಿರುತ್ತದೆ ಕೂಡ. ನಿಮಗೆ ಚೆನ್ನಾಗಿ ಕೂಡುವ ಒಂದು ಶರ್ಟ್ ಅಥವಾ ಕುರ್ತಾ, ಒಂದು ಪ್ಯಾಂಟ್ ಆರಿಸಿ. ನೆಲದ ಮೇಲೆ ಸಪಾಟಾಗಿ ಹಾಸಿ, ಬಟ್ಟೆಯನ್ನೇ ಅಳೆಯಿರಿ.

ಮೇಲಿನ ಬಟ್ಟೆಗೆ: ಒಂದು ಹೆಗಲ ಹೊಲಿಗೆಯಿಂದ ಇನ್ನೊಂದರವರೆಗೆ, ಒಂದು ಕಂಕುಳಿಂದ ಇನ್ನೊಂದರವರೆಗೆ, ಕತ್ತಿನಿಂದ ಕೆಳಗಿನ ಉದ್ದ, ತೋಳಿನ ಉದ್ದ. ಕೆಳಗಿನದಕ್ಕೆ: ಸೊಂಟ, ಸೊಂಟದಿಂದ ತೊಡೆಸಂದಿಯವರೆಗೆ, ಅಲ್ಲಿಂದ ಕಾಲಿನ ತುದಿಯವರೆಗೆ. ಫೋನಿನಲ್ಲಿ ಬರೆದಿಡಿ. ಬೀದಿ ಬಜಾರಿನಲ್ಲಿ ಹಾಕಿ ನೋಡಲು ಜಾಗ ಇರುವುದಿಲ್ಲ, ಅಲ್ಲಿ ಈ ಅಳತೆಗಳೇ ನಿಮ್ಮ ಟ್ರಯಲ್ ರೂಮ್.

ಹಂತ 3: ಏನು ಕಮ್ಮಿ ಇದೆ, ಅದನ್ನು ಮಾತ್ರ ಬರೆಯಿರಿ

ಎರಡನೇ ಮತ್ತು ಮೂರನೇ ಗುಡ್ಡೆಯಿಂದ ನಿಮಗೆ ನಿಜಕ್ಕೂ ಇಷ್ಟವಾದ ಒಂದೇ ಬಟ್ಟೆ ಎತ್ತಿಕೊಳ್ಳಿ. ಅದರ ಜೊತೆಗೆ ಮನೆಯಲ್ಲಿ ಇರುವುದನ್ನು ಇಟ್ಟು ನೋಡಿ. ಏನು ಸಿಗಲಿಲ್ಲವೋ ಅದು ಪಟ್ಟಿಗೆ ಹೋಗಲಿ, ಒಂದೇ ಸಾಲಿನಲ್ಲಿ: "ಕಪ್ಪು ಹತ್ತಿ ಪ್ಯಾಂಟ್, ಸಡಿಲ, ಸೊಂಟ 32." ಬರೀ "ಒಂದು ಒಳ್ಳೇ ಜಾಕೆಟ್" ಅಂತ ಬರೆದುಕೊಂಡು ಹೋದವರು ಮೂರು ಜಾಕೆಟ್ ತರುತ್ತಾರೆ, ಅದರ ಒಳಗೆ ಹಾಕಲು ಏನೂ ಇರುವುದಿಲ್ಲ.

ಹಂತ 4: ಎಲ್ಲಿಗೆ ಹೋಗಬೇಕು

ಫ್ಯಾಷನ್ ಸ್ಟ್ರೀಟ್, ಆಜಾದ್ ಮೈದಾನದ ಬದಿಯ ಎಂ.ಜಿ. ರೋಡಿನಲ್ಲಿ. ಚರ್ಚ್‌ಗೇಟ್, ಸಿಎಸ್‌ಎಂಟಿ ಎರಡೂ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಅಲ್ಲಿರುವುದರಲ್ಲಿ ಬಹಳಷ್ಟು ಎಕ್ಸ್‌ಪೋರ್ಟ್ ಸರ್‌ಪ್ಲಸ್ ಮತ್ತು ಸೆಕೆಂಡ್ಸ್, ಅಂದರೆ ರಫ್ತಿಗೆ ಹೊಲಿದು ಮಿಕ್ಕಿದ ಅಥವಾ ಏನೋ ಒಂದು ದೋಷಕ್ಕೆ ತಿರಸ್ಕಾರವಾದ ಹೊಸ ಬಟ್ಟೆ. ದೋಷ ಎಲ್ಲಿದೆ ಅಂತ ಹುಡುಕಿ ಕೊಳ್ಳಿ. ಗುಂಡಿ ಇಲ್ಲ, ಹೊಲಿಗೆ ಬಿಟ್ಟಿದೆ ಅಂದರೆ ಪರವಾಗಿಲ್ಲ. ಪ್ಯಾಂಟಿನ ಕಾಲು ತಿರುಚಿಕೊಂಡಿದ್ದರೆ ಬಿಟ್ಟುಬಿಡಿ, ಅದನ್ನು ಯಾವ ಟೈಲರೂ ಸರಿ ಮಾಡಲಾರ.

ನಿಜವಾದ ಹಳೇ ಬಟ್ಟೆ ಬೇಕಾದರೆ ಚೋರ್ ಬಜಾರ್ ಕಡೆ ಶುಕ್ರವಾರ ಬೆಳಿಗ್ಗೆ ರಸ್ತೆ ಬದಿ ಕೂಡುವ ಜುಮ್ಮಾ ಬಜಾರ್ ಇದೆ. ಬೇಗ ಹೋಗಿ. ಪುಣೆಯವರಿಗೆ ಭಾನುವಾರ ಮತ್ತು ಬುಧವಾರದ ಜೂನಾ ಬಜಾರ್ ಇದೆ. ಲೈನಿಂಗ್, ಬಿಡಿ ಬಟ್ಟೆಗೆ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಮಂಗಲದಾಸ್ ಮಾರ್ಕೆಟ್.

ಇನ್‌ಸ್ಟಾಗ್ರಾಮಿನ ಥ್ರಿಫ್ಟ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ವಾಪಸು ತೆಗೆದುಕೊಳ್ಳುವುದಿಲ್ಲ. ದುಡ್ಡು ಹಾಕುವ ಮುಂಚೆ ಕೇಳಿ: ಹೆಗಲು ಮತ್ತು ಕಂಕುಳಿಂದ ಕಂಕುಳ ಅಳತೆ, ಒಳಗಿನ ಲೇಬಲ್ಲಿನ ಫೋಟೋ, ಹಗಲು ಬೆಳಕಿನಲ್ಲಿ ಕಾಲರ್ ಮತ್ತು ಕಂಕುಳ ಭಾಗದ ಫೋಟೋ. ಕೊಡಲು ಹಿಂದೆಮುಂದೆ ನೋಡಿದರೆ ಆ ಬಟ್ಟೆ ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಳ್ಳುವುದು ಕಮ್ಮಿ ಮಾಡಿ. ಮಳೆಗಾಲದಲ್ಲಿ ಬಟ್ಟೆ ಬೂಷ್ಟು ಹಿಡಿದಿರುತ್ತದೆ, ತಂದು ಒಗೆದರೂ ಒಣಗುವುದಿಲ್ಲ. ಅಕ್ಟೋಬರ್ ಬಿಸಿಲು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಹಂತ 5: ಕೊಳ್ಳುವ ಮುಂಚಿನ ತಪಾಸಣೆ

ಇಲ್ಲಿ ಅವಸರ ಮಾಡುವವರೇ ಜಾಸ್ತಿ. ಅಂಗಡಿಯವನು "ಲೇನಾ ಹೈ ಕ್ಯಾ?" ಅಂತ ಗದರಿಸಿದರೂ ನಿಮ್ಮ ಪಾಡಿಗೆ ನೋಡಿ.

ಮೊದಲು ಬಟ್ಟೆಯನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಮೊಣಕೈ, ಪ್ಯಾಂಟಿನ ಹಿಂಭಾಗ, ತೊಡೆಸಂದಿ, ಕಾಲರಿನ ಮಡಿಕೆ ಬೇಗ ಸವೆಯುವ ಜಾಗಗಳು. ಬೆಳಕು ಜಾಲರಿಯ ಹಾಗೆ ಸೋಸಿ ಬಂದರೆ ಆ ಬಟ್ಟೆಗೆ ಆಯುಸ್ಸು ಇಲ್ಲ.

ಆಮೇಲೆ ಎಳೆದು ನೋಡುವುದು. ಎರಡು ಕೈಯ ಹೆಬ್ಬೆರಳ ನಡುವೆ ಸ್ವಲ್ಪ ಬಟ್ಟೆ ಹಿಡಿದು ಮೆಲ್ಲಗೆ ಎಳೆಯಿರಿ, ಉದ್ದಕ್ಕೂ ಅಡ್ಡಕ್ಕೂ. ಹಳೇ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಚರ್ ಅನ್ನುವ ಸಣ್ಣ ಸದ್ದು ಕೇಳಿದರೂ ವಾಪಸು ಇಡಿ. ಹಿಗ್ಗುವ ಬಟ್ಟೆಯನ್ನು ಎಳೆದು ಬಿಟ್ಟಾಗ ಹಿಂದಕ್ಕೆ ಬರಬೇಕು. ಜೋತುಬಿದ್ದಂತೆ ನಿಂತರೆ ಒಳಗಿನ ಎಲಾಸ್ಟಿಕ್ ಸತ್ತಿದೆ.

ಮೂಗು ಬಳಸಿ. ಮುಗ್ಗಲು ವಾಸನೆ ಹೋಗುತ್ತದೆ. ಡಾಂಬರ್ ಗೋಲಿಯ ವಾಸನೆ ಹೋಗಲು ವಾರಗಟ್ಟಲೆ ಬೇಕು, ಆದರೂ ಹೋಗುತ್ತದೆ. ಕಂಕುಳಲ್ಲಿ ಹಳೇ ಬೆವರು ಮತ್ತು ಸೆಂಟಿನ ವಾಸನೆ ಪಾಲಿಯೆಸ್ಟರಿನಲ್ಲಿ ಕೂತಿದ್ದರೆ ಹೋಗುವುದು ಕಷ್ಟ, ಮೈ ಬಿಸಿಯಾದ ಕೂಡಲೇ ಮತ್ತೆ ಬರುತ್ತದೆ.

ಒಳಹೊಲಿಗೆ ತಿರುಗಿಸಿ ನೋಡಿ. ಅಲ್ಲಿ ಕಪ್ಪು ಚುಕ್ಕೆಗಳ ಸಾಲು ಕಂಡರೆ ತಿಗಣೆಯ ಗುರುತು. ಎಷ್ಟೇ ಚೆಂದ ಇರಲಿ, ಎಷ್ಟೇ ಅಗ್ಗ ಇರಲಿ, ಅಲ್ಲೇ ಬಿಡಿ. ಚಿಕ್ಕ ಫ್ಲಾಟಿನಲ್ಲಿ ತಿಗಣೆ ಸೇರಿದರೆ ಓಡಿಸುವ ಪಾಡು ಯಾರಿಗೂ ಬೇಡ. ರೆಗ್ಜಿನ್ ಜಾಕೆಟ್, ಬೆಲ್ಟಿನಲ್ಲಿ ಸಿಪ್ಪೆ ಏಳುತ್ತಿದ್ದರೂ ಅದೇ ಮಾತು. ಅದಕ್ಕೆ ಔಷಧಿ ಇಲ್ಲ.

ಲೇಬಲ್ ಇಲ್ಲದ ಬಟ್ಟೆ ಹತ್ತಿಯೋ ಪಾಲಿಯೆಸ್ಟರೋ ಅಂತ ಮನೆಯಲ್ಲಿ ತಿಳಿಯಬಹುದು. ಒಳಹೊಲಿಗೆಯ ಅಂಚಿನಿಂದ ಎರಡು ಎಳೆ ತೆಗೆದು, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತಗಿನ ಬೂದಿಯಾಗುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನಮ್ಮ ಸೆಖೆಗೆ ಮೈಗೆ ತಾಗುವ ಬಟ್ಟೆ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ಏನಿದ್ದರೂ ಮೇಲೆ ಹಾಕುವ ಜಾಕೆಟ್ಟಿಗೆ.

ಹಂತ 6: ಒಗೆಯುವವರೆಗೆ ಕಪಾಟಿಗೆ ಸೇರಿಸಬೇಡಿ

ತಂದ ಬಟ್ಟೆ ಹಾಸಿಗೆ ಮೇಲೆ, ಸೋಫಾ ಮೇಲೆ ಇಡಬೇಡಿ. ಚೀಲದ ಬಾಯಿ ಕಟ್ಟಿ ಬಾಲ್ಕನಿಯಲ್ಲೋ ಬಚ್ಚಲಲ್ಲೋ ಇಡಿ, ಅಲ್ಲಿಂದ ನೇರ ಬಕೆಟ್ಟಿಗೆ. ಗಟ್ಟಿ ಹತ್ತಿಬಟ್ಟೆಯಾದರೆ ವಾಷಿಂಗ್ ಮೆಷಿನ್ನಿನಲ್ಲಿ 60 ಡಿಗ್ರಿ ಬಿಸಿನೀರು ಇಡಿ, ಹುಳ ಮೊಟ್ಟೆ ಸಾಯುವುದು ಬಿಸಿಗೆ. ತಣ್ಣೀರು, ಸೋಪಿನಪುಡಿ ಮಾತ್ರ ಸಾಲದು.

ಬಣ್ಣದ ಬಟ್ಟೆಯಾದರೆ ಮೊದಲು ಒಳಭಾಗದ ಒಂದು ಮೂಲೆ ಒದ್ದೆ ಮಾಡಿ ಬಿಳಿ ಚಿಂದಿಯಿಂದ ಒತ್ತಿ. ಚಿಂದಿಗೆ ಬಣ್ಣ ಹತ್ತಿದರೆ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಬೇಕು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುವುದನ್ನು ನೆಚ್ಚಿಕೊಳ್ಳಬೇಡಿ. ಬಣ್ಣ ಬಿಡುವ ಬಟ್ಟೆ ಉಪ್ಪು ಹಾಕಿದರೂ ಬಿಡುತ್ತದೆ.

ಮುಗ್ಗಲು ವಾಸನೆಗೆ ಅರ್ಧ ಬಕೆಟ್ ನೀರಿಗೆ ಒಂದು ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ವಿನೆಗರ್ ಜೊತೆ ಬ್ಲೀಚ್ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಅನಿಲ ಹುಟ್ಟುತ್ತದೆ. ಕಿಟಕಿ ಸಣ್ಣದಿರುವ ನಮ್ಮ ಬಚ್ಚಲುಮನೆಗಳಲ್ಲಿ ಅದು ತುಂಬಾ ಅಪಾಯ.

ಜರಿ ಇಲ್ಲದ ರೇಷ್ಮೆಗೆ ಅಂಟುವಾಳದ ನೀರು, ತಣ್ಣಗಿರಬೇಕು, ಹಿಂಡಬಾರದು, ನೆರಳಿನಲ್ಲಿ ಒಣಗಬೇಕು. ಜರಿ ಇದ್ದರೆ ಡ್ರೈ ಕ್ಲೀನಿಂಗ್‌ಗೆ ಕೊಡಿ. ಕಲೆ ಹೋಗುವ ಮುಂಚೆ ಇಸ್ತ್ರಿ ಮಾಡಿದರೆ ಕಲೆ ಅಲ್ಲೇ ಕೂತುಬಿಡುತ್ತದೆ. ಕೆಳಗಿನ ಇಸ್ತ್ರಿಯವನಿಗೆ ಕೊಡುವ ಮುಂಚೆ ಇದನ್ನೊಂದು ನೋಡಿ.

ಹಂತ 7: ಟೈಲರ್ ಹತ್ತಿರ

ಬೇರೆಯವರ ಬಟ್ಟೆ ನಿಮ್ಮದಾಗುವುದು ಇಲ್ಲಿ. ಹೆಗಲ ಹೊಲಿಗೆ ನಿಮ್ಮ ಹೆಗಲ ಮೂಳೆಯ ತುದಿಗೆ ಬಂದು ಕೂತರೆ ನೋಡುವವರಿಗೆ ಅದು ನಿಮಗೇ ಹೊಲಿಸಿದ್ದು. ಒಂದೂವರೆ ಇಂಚು ಕೆಳಗೆ ಜಾರಿದರೆ ಎರವಲು ತಂದಿದ್ದು. ಬೇಕೆಂದೇ ದೊಗಲೆಯಾಗಿ ಹಾಕುವ ಶರ್ಟಿನ ಮಾತು ಬೇರೆ, ಅದು ಎಲ್ಲ ಕಡೆ ಒಂದೇ ಸಮ ದೊಗಲೆ ಇರಬೇಕು.

ಹೆಗಲು ಸರಿ ಮಾಡಲು ತೋಳು ಬಿಚ್ಚಿ ಮತ್ತೆ ಕೂಡಿಸಬೇಕು. ದುಬಾರಿ ಕೆಲಸ, ಕೋಟಿನಲ್ಲಂತೂ ಬೇಡವೇ ಬೇಡ. ಆದ್ದರಿಂದ ಕೊಳ್ಳುವಾಗಲೇ ಹೆಗಲು ನೋಡಿ ಕೊಳ್ಳಿ. ಪಕ್ಕದ ಹೊಲಿಗೆ ಹಿಡಿಸುವುದು, ಉದ್ದ ಕಮ್ಮಿ ಮಾಡುವುದು, ತೋಳು ಮೊಟಕು ಮಾಡುವುದು, ಪ್ಯಾಂಟಿನ ಕಾಲು ಸಣ್ಣ ಮಾಡುವುದು, ಜಿಪ್ಪು ಬದಲಿಸುವುದು ಸುಲಭ. ಪ್ಯಾಂಟಿನ ಸೊಂಟ ಎರಡು ಇಂಚಿಗಿಂತ ಜಾಸ್ತಿ ಹಿಡಿಸಬೇಡಿ, ಹಿಂದಿನ ಎರಡು ಜೇಬು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಹೊಲಿಸಿದ ಬಟ್ಟೆಯಲ್ಲಿ ಬಿಗಿಯಿದ್ದರೆ ಒಳಗೆ ಮಾರ್ಜಿನ್ ಇರುತ್ತದೆ, ಬಿಡಿಸಬಹುದು. ರೆಡಿಮೇಡಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಶರ್ಟಿನ ಕಾಲರ್ ಮಾತ್ರ ಸವೆದಿದ್ದರೆ ಎಸೆಯಬೇಡಿ. ಕಾಲರ್ ಬಿಚ್ಚಿ, ತಿರುಗಿಸಿ ಮತ್ತೆ ಹೊಲಿಯಲು ಹೇಳಿ. ಸವೆದ ಬದಿ ಕೆಳಗೆ ಹೋಗುತ್ತದೆ. ಹಳೇ ಟೈಲರುಗಳಿಗೆ ಇದು ಗೊತ್ತಿರುವ ಕೆಲಸ. ಚಿಕ್ಕ ತೂತಿಗೆ ರಫೂ ಮಾಡುವವರನ್ನು ಹುಡುಕಿ.

ಟೈಲರ್ ಹತ್ತಿರ ಬಾಯಲ್ಲಿ ಹೇಳಿ ಬರಬೇಡಿ. ಮನೆಯಲ್ಲೇ ಹಾಕಿಕೊಂಡು, ಬೇಕಾದ ಕಡೆ ಪಿನ್ ಹಾಕಿ, ಆ ಪಿನ್ ಸಮೇತ ಕೊಡಿ. "ಥೋಡಾ ಫಿಟ್ ಕರ್ ದೋ" ಅಂದರೆ ಅವರ ಲೆಕ್ಕದ ಥೋಡಾ ಬೇರೆ, ನಿಮ್ಮದು ಬೇರೆ. ಹಿಡಿಸಿದ ಬಟ್ಟೆಯನ್ನು ಒಳಗೆ ಕತ್ತರಿಸಬೇಡಿ ಅಂತಲೂ ಹೇಳಿ.

ಹಂತ 8: ಹಳೇ ಸೀರೆ ಕತ್ತರಿಸುವುದಾದರೆ

ಹಳೇ ಇಳಕಲ್ ಉದಾಹರಣೆ ತೆಗೆದುಕೊಳ್ಳೋಣ. ಮೈ ಹತ್ತಿ, ಸೆರಗು ರೇಷ್ಮೆಯದು ಅಂದುಕೊಳ್ಳಿ. ಎರಡೂ ಒಂದೇ ಥರ ಸವೆಯುವುದಿಲ್ಲ. ಕಿಟಕಿಗೆ ಹಿಡಿದು ಮೊಳ ಮೊಳ ಸರಿಸುತ್ತಾ ನೋಡಿ. ನೆರಿಗೆಯ ಕೆಳ ಅಂಚು ಪಾದಕ್ಕೆ ಉಜ್ಜಿ ಸವೆದಿರುತ್ತದೆ. ಹೆಗಲ ಮೇಲೆ ಪಿನ್ ಚುಚ್ಚಿದ ಜಾಗದಲ್ಲಿ ತೂತುಗಳಿರುತ್ತವೆ. ಒಳಸುತ್ತಿಗೆ ಹೋಗುವ ತುದಿ ಸಾಮಾನ್ಯವಾಗಿ ಎಲ್ಲಕ್ಕಿಂತ ಗಟ್ಟಿ, ಬಿಸಿಲು ಕಂಡಿರುವುದಿಲ್ಲ. ಸವೆದ ಜಾಗಕ್ಕೆಲ್ಲ ಚಾಕಿನಿಂದ ಸುತ್ತು ಹಾಕಿ. ಉಳಿದದ್ದು ನಿಮ್ಮ ಬಟ್ಟೆ. ಸುಮಾರು ಐದೂವರೆ ಮೀಟರಿನಲ್ಲಿ ಕುರ್ತಾಕ್ಕೆ ಎರಡೂವರೆ ಮೀಟರ್ ಸಾಕು, ಆದ್ದರಿಂದ ಸವೆದ ಜಾಗ ಬಿಟ್ಟು ಕತ್ತರಿಸಲು ಧಾರಾಳ ಅವಕಾಶ ಇದೆ.

ಗಂಜಿ ಪೂರ್ತಿ ಹೋಗುವಂತೆ ಒಗೆದ ಮೇಲೆಯೇ ಈ ತಪಾಸಣೆ. ಗಂಜಿ ಇದ್ದಾಗ ಜೀರ್ಣವಾದ ಬಟ್ಟೆಯೂ ಗಟ್ಟಿ ಅನಿಸುತ್ತದೆ. ಮೊದಲು ಹೇಳಿದ ಅಜ್ಜಿ ಸೀರೆಯ ಕುರ್ತಾ ಹರಿಯುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಇನ್ನೊಂದು ಕಾರಣ ಲೈನಿಂಗ್ ಇಲ್ಲದಿರುವುದು. ಹಳೇ ಬಟ್ಟೆಗೆ ಮೆತ್ತಗಿನ ಹತ್ತಿ ಲೈನಿಂಗ್ ಕಡ್ಡಾಯ, ಎಳೆತವನ್ನೆಲ್ಲ ಅದು ತಡೆದುಕೊಳ್ಳಬೇಕು. ಲೈನಿಂಗ್ ಬಟ್ಟೆಯನ್ನು ಹೊಲಿಯುವ ಮುಂಚೆ ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಒಣಗಿಸಿ. ಹಾಗೇ ಹೊಲಿದರೆ ಮೊದಲ ಒಗೆತಕ್ಕೆ ಅದು ಕುಗ್ಗಿ, ಮೇಲಿನ ಬಟ್ಟೆ ನಿರಿಗೆ ಬೀಳುತ್ತದೆ. ಅಳತೆಯನ್ನೂ ಬಿಗಿ ಇಡಬೇಡಿ.

ಬಟ್ಟೆ ಪೂರ್ತಿ ಜೀರ್ಣವಾಗಿದ್ದರೆ ಅಂಚು ಮತ್ತು ಸೆರಗು ಮಾತ್ರ ಉಳಿಸಿಕೊಳ್ಳಿ. ಹೊಸ ಹತ್ತಿ ಕುರ್ತಾದ ತೋಳಿಗೆ, ಕತ್ತಿಗೆ ಅಂಚು ಕೂಡಿಸಬಹುದು. ಗುಳೇದಗುಡ್ಡದ ಖಣದ ಹಳೇ ಕುಪ್ಪಸಗಳೂ ಹೀಗೇ. ಕಂಕುಳು ಹೋಗಿದ್ದರೂ ಬೆನ್ನಿನ ಭಾಗ ಚೆನ್ನಾಗಿರುತ್ತದೆ, ಒಂದು ಜೇಬಿಗೋ ಕಾಲರಿಗೋ ಸಾಕಾಗುತ್ತದೆ. ಮಹಾರಾಷ್ಟ್ರದ ಹೆಂಗಸರೂ ಖಣ ತೊಡುವುದರಿಂದ ಇಲ್ಲಿನ ಟೈಲರುಗಳಿಗೆ ಆ ಬಟ್ಟೆ ಹೊಸದಲ್ಲ.

ಹಂತ 9: ಹೊಂದಿಸುವುದು

ಈಗ ಬಣ್ಣ. ಒಂದು ಉಡುಪಿನಲ್ಲಿ ಕಣ್ಣು ಸೆಳೆಯುವ ಹಳೇ ಬಟ್ಟೆ ಒಂದೇ ಇರಲಿ, ಮಿಕ್ಕಿದ್ದು ಸಾದಾ. ಇಳಕಲ್ ಕುರ್ತಾ ಇದ್ದರೆ ಪ್ಯಾಂಟ್ ಸಾದಾ, ಓಢಣಿ ಬೇಡವೇ ಬೇಡ. ಅಪ್ಪನ ಚೌಕಳಿ ಶರ್ಟನ್ನು ಗುಂಡಿ ಬಿಚ್ಚಿ ಜಾಕೆಟ್ಟಿನ ಹಾಗೆ ಹಾಕುವುದಾದರೆ ಒಳಗೆ ಒಂದೇ ಬಣ್ಣದ ಬನಿಯನ್ ಅಥವಾ ಟೀಶರ್ಟ್. ಸಾದಾ ಬಟ್ಟೆಯ ಬಣ್ಣವನ್ನು ಆ ಹಳೇ ಬಟ್ಟೆಯ ಒಳಗಿಂದಲೇ ಆರಿಸಿ, ಅದೂ ಅಲ್ಲಿ ಕಮ್ಮಿ ಕಾಣುವ ಬಣ್ಣ. ಅಂಚಿನ ತೆಳು ಹಸಿರು ಗೆರೆಗೆ ಹಸಿರು ಪ್ಯಾಂಟ್ ಹಾಕಿದರೆ ಎರಡೂ ಎದ್ದು ಕಾಣುತ್ತವೆ.

ಎರಡು ಬೇರೆ ಬೇರೆ ಬಿಳಿ ಪಕ್ಕಪಕ್ಕ ಬಂದರೆ ಒಂದು ಕೊಳೆಯಾಗಿ ಕಾಣುತ್ತದೆ. ಮಾಸಿದ ಕಪ್ಪು ಮತ್ತು ಹೊಸ ಕಪ್ಪೂ ಹಾಗೇ. ಮಾಸಿದ ಹತ್ತಿಬಟ್ಟೆಗೆ ಪೊಟ್ಟಣದ ಬಣ್ಣ ಹಾಕಬಹುದು, ಆದರೆ ಹೊಲಿಗೆಯ ದಾರ ಪಾಲಿಯೆಸ್ಟರ್ ಆಗಿದ್ದರೆ ಅದು ಬಣ್ಣ ಹೀರುವುದಿಲ್ಲ, ಹಳೇ ಬಣ್ಣದಲ್ಲೇ ಉಳಿಯುತ್ತದೆ. ಆ ಗೆರೆ ನಿಮಗೆ ಇಷ್ಟವಾದೀತೇ ಅಂತ ಮೊದಲೇ ಯೋಚಿಸಿ.

ಗುಂಡಿ ಬದಲಿಸಿ ನೋಡಿ. ಪ್ಲಾಸ್ಟಿಕ್ ಗುಂಡಿ ತೆಗೆದು ಮರದ್ದೋ ತೆಂಗಿನ ಚಿಪ್ಪಿನದ್ದೋ ಹಾಕಿದರೆ ಸಾಮಾನ್ಯ ಶರ್ಟಿನ ಮುಖವೇ ಬದಲಾಗುತ್ತದೆ. ಹೊಸ ಗುಂಡಿ ಕೊಳ್ಳುವಾಗ ಹಳೇದನ್ನು ಜೊತೆಗೆ ಒಯ್ಯಿರಿ, ಕಾಜಕ್ಕೆ ಹಿಡಿಸಬೇಕಲ್ವಾ.

ಹಂತ 10: ಹೊರಗೆ ಹೋಗುವ ಮುಂಚಿನ ಪರೀಕ್ಷೆ

ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಿದರೆ ಸಾಲದು. ಲೋಕಲ್ ರೈಲಿನ ಹಿಡಿಕೆ ಹಿಡಿದಂತೆ ಕೈ ಮೇಲೆತ್ತಿ. ಹೊಟ್ಟೆ ಕಂಡರೆ ಉದ್ದ ಸಾಲದು, ಕಂಕುಳು ಕೊಯ್ದರೆ ಅಗಲ ಸಾಲದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಏಳಿ. ಮೆಟ್ಟಿಲು ಹತ್ತಿ ಇಳಿಯಿರಿ. ಜೋತಾಡುವ ಗೊಂಡೆ, ಲಾಡಿ ಇದ್ದರೆ ಗರ್ದಿಯಲ್ಲಿ ಇನ್ನೊಬ್ಬರ ಬ್ಯಾಗಿಗೆ ಸಿಕ್ಕಿಕೊಳ್ಳುತ್ತದೆ, ಒಳಗೆ ಸೇರಿಸಿ ಹೊಲಿಯಿರಿ. ಮುಂದೆ, ಪಕ್ಕ, ಹಿಂದೆ ಮೂರು ಫೋಟೋ ತೆಗೆಸಿಕೊಳ್ಳಿ. ಕನ್ನಡಿಯಲ್ಲಿ ತಪ್ಪಿಸಿಕೊಂಡ ಬೆನ್ನಿನ ಸುಕ್ಕು ಫೋಟೋದಲ್ಲಿ ಕಾಣುತ್ತದೆ.

ಮೊದಲ ಸಲ ಹತ್ತಿರದ ಕೆಲಸಕ್ಕೆ ಹಾಕಿಕೊಂಡು ಹೋಗಿ, ಸಂಘದ ಕಾರ್ಯಕ್ರಮಕ್ಕೋ ಮದುವೆಗೋ ನೇರ ಬೇಡ. ಅರ್ಧ ದಿನ ಓಡಾಡಿದರೆ ಎಲ್ಲಿ ಬಿಗಿ, ಎಲ್ಲಿ ಚುಚ್ಚುತ್ತದೆ ಗೊತ್ತಾಗುತ್ತದೆ. ಮತ್ತೆ ಒಂದು ಸಲ ಟೈಲರ್ ಹತ್ತಿರ ಹೋಗಬೇಕಾಗುತ್ತದೆ, ಅದಕ್ಕೆ ಬೇಸರ ಬೇಡ.

ಎತ್ತಿಡುವಾಗ

ಗಂಜಿ ಹಾಕಿದ ಬಟ್ಟೆ ಮಳೆಗಾಲದ ಮುಂಚೆ ಒಳಗೆ ಇಡಬೇಡಿ, ಬೆಳ್ಳಿಹುಳ ಮತ್ತು ಜಿರಳೆಗೆ ಗಂಜಿ ಇಷ್ಟ. ಜರಿ ಬಟ್ಟೆಯನ್ನು ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ, ಡಾಂಬರ್ ಗೋಲಿ ಜರಿಗೆ ತಾಗದಂತೆ ನೋಡಿಕೊಳ್ಳಿ. ಆಗಾಗ ಮಡಿಕೆ ಬದಲಿಸಿ. ಪೂರ್ತಿ ಕೈಬಿಡುವ ಬಟ್ಟೆಯಿಂದ ಗುಂಡಿ, ಜಿಪ್ಪು, ಅಂಚು ಬಿಚ್ಚಿ ಒಂದು ಡಬ್ಬಿಗೆ ಹಾಕಿ, ಗಟ್ಟಿ ಇರುವ ತುಂಡುಗಳನ್ನು ತೇಪೆಗೆ ಇಟ್ಟುಕೊಳ್ಳಿ, ಮಿಕ್ಕಿದ್ದು ಒರೆಸುವ ಬಟ್ಟೆಗೆ.